ಹಲ್ಲು ಬಿಡ್ರೀ!

ನಿನ್ನೆ ಆಫೀಸಿನ ವಿಡಿಯೋ ಕಾಲ್‌ನಲ್ಲಿ ನನ್ನ ಮಾನ ಹೋಯಿತು. ಕಾರಣ, ನನ್ನ ದವಡೆ.

ಹೊಸ ಗುರುತಿನ ಚೀಟಿಯ ಫೋಟೋದಲ್ಲಿ ನನ್ನ ಮುಖ ಇಟ್ಟಿಗೆಯಂತಿತ್ತು. ಹಳೆಯದರಲ್ಲಿ ಕೋಲುಮುಖ. ತೂಕ ಮಾತ್ರ ಅಷ್ಟೇ! ಬೆಳಗ್ಗೆ ಎದ್ದರೆ ಕಣತಲೆ ನೋವು ಬೇರೆ. ಹಲ್ಲಿನ ಡಾಕ್ಟರ್ ನನ್ನ ಕೆನ್ನೆ ಮೇಲೆ ಬೆರಳಿಟ್ಟು, "ಗಟ್ಟಿಯಾಗಿ ಕಚ್ಚಿ" ಎಂದರು. ಕಿವಿಯ ಕೆಳಗೆ ಏನೋ ಕಪ್ಪೆಯಂತೆ ನೆಗೆಯಿತು.

"ಇದು ಮ್ಯಾಸೆಟರ್, ಅಗಿಯೋ ಸ್ನಾಯು. ಸದಾ ಹಲ್ಲು ಕಚ್ಚಿಕೊಂಡಿದ್ರೆ ಜಿಮ್‌ಗೆ ಹೋದ ತೋಳಿನ ಥರ ದಪ್ಪ ಆಗುತ್ತೆ."

ಜನ್ಮದಲ್ಲಿ ಜಿಮ್ ಮೆಟ್ಟಿಲು ಹತ್ತದವನ ಕೆನ್ನೆಗೆ ಕಸರತ್ತು! ನಾಲಿಗೆ ಚಾಚಿಸಿ ನೋಡಿದರು. ಅಂಚಿನುದ್ದಕ್ಕೂ ಹಲ್ಲಿನ ಗುರುತು, ಅಂಚೆಚೀಟಿಯ ಹಾಗೆ.

ರಾತ್ರಿ ಹಲ್ಲಿನ ಮೇಲೆ ಹಾಕಿಕೊಂಡು ಮಲಗಲು ಒಂದು ಗಾರ್ಡ್ ಕೊಟ್ಟರು. ಅದು ಕಚ್ಚುವುದನ್ನು ನಿಲ್ಲಿಸುವುದಿಲ್ಲವಂತೆ, ಹಲ್ಲು ಸವೆಯದಂತೆ ಅಡ್ಡ ನಿಲ್ಲುತ್ತದೆ ಅಷ್ಟೇ. ಚ್ಯೂಯಿಂಗ್ ಗಮ್ ಬಂದ್. ನೋವಿದ್ದರೆ ಬಿಸಿಬಟ್ಟೆ ಶಾಖ. ಮುಖ ಇಳಿಯಲೇಬೇಕು ಅಂದರೆ ಬೊಟಾಕ್ಸ್ ಸೂಜಿ ಇದೆ, ಸ್ನಾಯು ಸಡಿಲಾಗಿ ನಿಧಾನಕ್ಕೆ ಸಣ್ಣದಾಗುತ್ತದೆ. ಮೂರ್ನಾಲ್ಕು ತಿಂಗಳಿಗೆ ಸೂಜಿಯ ಪ್ರಭಾವ ಮುಗಿದು ಮತ್ತೆ ಹೋಗಬೇಕು. ಸೂಜಿ ಅಂದ ತಕ್ಷಣ ನಾನು ಮತ್ತೆ ಹಲ್ಲು ಕಚ್ಚಿದ್ದೆ.

ಹಗಲಿಗೆ ಮಾತ್ರ ಔಷಧಿಯಿಲ್ಲ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಲೇಬಾರದು. ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. "ಯಾರಾದ್ರೂ ಆಗಾಗ ನೆನಪಿಸಿದ್ರೆ ಒಳ್ಳೇದು" ಎಂದರು ಡಾಕ್ಟರ್. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಅದೇ ತಪ್ಪಾಗಿದ್ದು.

ಅಂದಿನಿಂದ ಪೇಪರ್ ಓದುತ್ತಿದ್ದರೆ "ರೀ, ಹಲ್ಲು ಬಿಡ್ರೀ." ಶೂ ಲೇಸ್ ಕಟ್ಟುತ್ತಿದ್ದರೆ "ಹಲ್ಲು!" ಲಿಫ್ಟ್‌ನಲ್ಲಿ ಜನರಿದ್ದಾಗ ಮಾತಿಲ್ಲ, ಕೆನ್ನೆಗೆ ಎರಡು ಬೆರಳಿಂದ ಟಪ್ ಟಪ್, ಇಂಕು ಹೆಪ್ಪುಗಟ್ಟಿದ ಪೆನ್ನು ತಟ್ಟಿದ ಹಾಗೆ. ಅವಳು ಬಾಯಿ ತೆರೆಯುತ್ತಾಳೆ ಅಂದರೇ ಈಗ ನನಗೆ ದವಡೆ ಬಿಗಿಯುತ್ತದೆ. ಯಾರಿಗೆ ಹೇಳಲಿ?

ನಿನ್ನೆ ಬಾಸ್ ಗಂಭೀರವಾಗಿ, "ಈ ಸಲ ಟಾರ್ಗೆಟ್ ಅರ್ಧವೂ ಮುಟ್ಟಿಲ್ಲ" ಅನ್ನುತ್ತಿದ್ದರು. ಹನ್ನೊಂದು ಮುಖಗಳೂ ಜೋತುಬಿದ್ದಿದ್ದವು. ನನ್ನ ಮೈಕ್ ಆನ್ ಇತ್ತು. ಹಿಂದಿನಿಂದ ತಾರಸ್ವರದಲ್ಲಿ, "ಹಲ್ಲು ಬಿಡ್ರೀ!"

ಬಾಸ್ ನಿಲ್ಲಿಸಿದರು. "ಯಾರು ಹಲ್ಲು ಬಿಡ್ತಿರೋದು?"

ಗಾಬರಿಯಲ್ಲಿ ನಾನು ನಿಜವಾಗಲೂ ಹಲ್ಲು ಬಿಟ್ಟೆ. ಮೂವತ್ತೆರಡೂ.

ಅಪ್ಪನಿಗೂ ಇದೇ ಇತ್ತು ಅನಿಸುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡಾಗ ಅವರ ಕೆನ್ನೆಯಲ್ಲಿ ಒಂದು ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಅದು ಕಂಡರೆ ನಾವು ದುಡ್ಡು ಕೇಳುತ್ತಿರಲಿಲ್ಲ. ಅವರಿಗೆ ಯಾರೂ ಹಲ್ಲು ಬಿಡಿ ಅನ್ನಲಿಲ್ಲ.

ಇವತ್ತು ಗಾರ್ಡ್ ತೋರಿಸಲು ಹೋಗಿದ್ದೆ. ಅದರ ತುಂಬ ಕಚ್ಚಿದ ಗುರುತು. ಡಾಕ್ಟರ್ ಬೆಳಕಿಗೆ ಹಿಡಿದು ನೋಡಿ, "ನಿನ್ನೆ ರಾತ್ರಿ ಏನಾದ್ರೂ ಟೆನ್ಷನ್ ಇತ್ತಾ?" ಎಂದರು.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.