ದೊಡ್ಡಪ್ಪನ ಕುದುರೆ ಲೆಕ್ಕ

ಮೊನ್ನೆ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಮೈಸೂರಲ್ಲಿ ಮನೆ ಇದ್ದವರಿಗೆ ಗೊತ್ತಲ್ಲ, ನೆಂಟರು ಬಂದರೆ ಶ್ರೀರಂಗಪಟ್ಟಣ ತೋರಿಸೋದು ನಮ್ಮ ಹಣೆಬರಹ. ಆದರೆ ಮಂಡ್ಯದ ದೊಡ್ಡಪ್ಪನಿಗೆ ಅದನ್ನೇನು ತೋರಿಸೋದು? ಅವರು ನನಗಿಂತ ಜಾಸ್ತಿ ನೋಡಿದ್ದಾರೆ. ಆದರೂ "ದರಿಯಾ ದೌಲತ್‌ಗೆ ಹೋಗಾನ ನಡೀಲಾ" ಅಂದರು. ನಾನೂ ಖುಷಿಯಾಗೇ ಹೊರಟೆ. ಒಂದು ಸುತ್ತು ಹಾಕಿ, ತೋಟದ ನೆರಳಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ಸಂಗಮಕ್ಕೆ ಹೋಗಿ ಚಿತ್ರಾನ್ನದ ಡಬ್ಬಿ ಬಿಚ್ಚೋದು ಅಂತ ನನ್ನ ಪ್ಲಾನು.

ದೊಡ್ಡಪ್ಪ ಆಡಿಟ್ ಕೆಲಸದಿಂದ ರಿಟೈರ್ ಆದವರು. ಕೆಲಸ ಅವರನ್ನು ಬಿಟ್ಟಿದೆ, ಅವರು ಕೆಲಸವನ್ನು ಬಿಟ್ಟಿಲ್ಲ. ಮದುವೆ ಊಟದಲ್ಲಿ ಎಲೆ ಎಣಿಸುತ್ತಾರೆ. ನಮ್ಮ ಮನೆ ಮೆಟ್ಟಿಲು ಹತ್ತಿ ಬಂದು, "ಹೋದ್ಸಲ ಹದಿನೆಂಟಿತ್ತಲ್ವಾ?" ಅಂತ ಒಂದನ್ನು ನಾನೇ ಮಾರಿಕೊಂಡವನ ಹಾಗೆ ನೋಡುತ್ತಾರೆ.

ದರಿಯಾ ದೌಲತ್ ಟಿಪ್ಪು ಕಟ್ಟಿಸಿದ 1784ರ ಅರಮನೆ. ಅದರ ಪಡುವಣ ಗೋಡೆ ತುಂಬ ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷರ ಕರ್ನಲ್ ಬೇಲಿ, ದುರ್ಬೀನು ಹಿಡಿದ, ಮೈಸೂರಿನ ಕಡೆಯ ಫ್ರೆಂಚ್ ಲಾಲಿ, ಸಿಡಿಯುತ್ತಿರೋ ಮದ್ದಿನ ಗಾಡಿ. ಮಿಕ್ಕ ಜಾಗಕ್ಕೆಲ್ಲ ಕುದುರೆಗಳು, ಒಂದರ ಹಿಂದೆ ಒಂದು, ಅರ್ಧ ಕತ್ತು, ಬರೀ ಕಾಲು. ದೊಡ್ಡಪ್ಪ ಮೂಲೆಯಲ್ಲಿ ನಿಂತು ಬೆರಳೆತ್ತಿದರು. ನನ್ನ ಎದೆ ಧಸಕ್ ಅಂತು.

ಎಂಬತ್ತಮೂರಕ್ಕೆ ಬಂದಾಗ ಸ್ಕೂಲ್ ಟ್ರಿಪ್ಪಿನ ಹುಡುಗನೊಬ್ಬ "ತಾತಾ, ಟಾಯ್ಲೆಟ್ ಎಲ್ಲಿ?" ಅಂದ. ಮತ್ತೆ ಒಂದರಿಂದ. ಎರಡನೇ ಸಲ ನಾನೇ "ದೊಡ್ಡಪ್ಪ, ಟೈಮಾಯ್ತು" ಅಂದೆ. "ಸುಮ್ಕಿರ್ಲಾ, ಲೆಕ್ಕ ತಪ್ತು!" ಅಂತ ಗದರಿದ್ದಕ್ಕೆ ಸ್ಕೂಲ್ ಟ್ರಿಪ್ಪಿನ ಮೇಷ್ಟ್ರೂ ಗಪ್‌ಚುಪ್. ಮೂರನೇ ಸಲ, ಕಾಲು ಮಾತ್ರ ಕಾಣೋದನ್ನು ಕುದುರೆ ಅಂತ ಹಿಡಿಯಬೇಕೋ ಬೇಡವೋ ಅನ್ನೋ ಪ್ರಶ್ನೆ ಬಂತು. ನಾಲ್ಕು ಕಾಲಿಗೆ ಒಂದು ಅಂತ ತೀರ್ಮಾನವಾಗಿ ಮತ್ತೆ ಒಂದರಿಂದ.

ಫೋಟೋ ನೋಡಿ ಮನೇಲಿ ಎಣಿಸಿ ಅಂದೆ. "ಸ್ಪಾಟ್‌ಗೆ ಬರದೇ ಮಾಡೋದು ಆಡಿಟ್ಟೇನ್ಲಾ?" ಅಂದರು. ಟಿಪ್ಪು ಹೋದ ಮೇಲೆ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಇಲ್ಲೇ ವಾಸವಿದ್ದ, ಮುಂದೆ ಡಾಲ್‌ಹೌಸಿ ಕಾಲದಲ್ಲಿ ಚಿತ್ರಕ್ಕೆ ಹೊಸದಾಗಿ ಬಣ್ಣ ಬಳಿಸಿದರು, ಆಗ ಎರಡು ಕುದುರೆ ಹೆಚ್ಚುಕಮ್ಮಿ ಆಗಿರಬಹುದಲ್ವಾ ಅಂತ ಬಾಯಿ ತಪ್ಪಿ ಅಂದುಬಿಟ್ಟೆ. ತಪ್ಪು ನಂದೇ. ಅವರ ಕಣ್ಣು ಹೊಳೆಯಿತು.

ಕೊನೆಗೂ ಮುಗಿಸಿ ಹೊರಗೆ ಬಂದು ಮರದ ಕೆಳಗೆ ಕೂತರು, ನಾನು ಬರುವಾಗಲೇ ಗುರುತು ಮಾಡಿಕೊಂಡಿದ್ದ ಅದೇ ನೆರಳಲ್ಲಿ. ಕಾವೇರಿ ಕಡೆಯಿಂದ ತಣ್ಣಗೆ ಗಾಳಿ. "ಮುಂಚೆ ಮಂಡ್ಯದಿಂದ ಮೈಸೂರಿಗೆ ಬಸ್ಸಲ್ಲಿ ಬರ್ತಾ ಸಾಲುಮರ ಎಣಿಸ್ತಿದ್ದೆ" ಅಂದರು. "ನಿಮ್ಮ ದೊಡ್ಡಮ್ಮ ಆ ಕಡೆ ಕಿಟಕಿ, ನಾನು ಈ ಕಡೆ. ಶ್ರೀರಂಗಪಟ್ಟಣದ ಸೇತುವೆ ಹತ್ರ ಎರಡೂ ಕೂಡ್ತಿದ್ವಿ." ರಸ್ತೆ ಅಗಲ ಮಾಡುವಾಗ ಮರ ಹೋದವು. ಈಗಿನ ಹೈವೇ ಊರನ್ನೇ ಬಳಸಿಕೊಂಡು ಹೋಗುತ್ತೆ. ದೊಡ್ಡಮ್ಮ ಹೋಗಿ ಆರು ವರ್ಷ. ಅವರು ಕೂತಲ್ಲೇ ತೋಟದ ಮರಗಳ ಮೇಲೆ ಬೆರಳಾಡಿಸುತ್ತಿದ್ದರು, ನಾನು ಈ ಸಲ ಬಾಯಿ ಬಿಡಲಿಲ್ಲ.

ಆಮೇಲೆ ಕುದುರೆ ಎಷ್ಟಾಯ್ತು ಅಂತ ಕೇಳಿದೆ.

"ಹೇಳಲ್ಲ. ಹೇಳಿದ್ರೆ ಅದನ್ನೇ ಬರ್ಕೊಂಡು ಬರ್ತೀಯ. ಹೋಗು, ನೀನೊಂದ್ಸಲ ಎಣಿಸ್ಕೊಂಡು ಬಾ. ಕ್ರಾಸ್ ಚೆಕ್ ಆಗ್ಬೇಕು."

ಹೋದೆ. ಕಾರಲ್ಲಿ ಚಿತ್ರಾನ್ನ ಬೇಯುತ್ತಿತ್ತು. ನಲವತ್ತೊಂದಕ್ಕೆ ಬಂದಿದ್ದೆ, ಜೇಬಲ್ಲಿ ಫೋನ್ ಹೊಡಕೊಂಡಿತು.

"ಎಷ್ಟಾಯ್ತ್ಲಾ?"