ಆರಾಮಾಗಿ ಇರೋಣ ಅಂತ ಮಲ್ಪೆಗೆ

ಮೇ ತಿಂಗಳ ನಡುಮಧ್ಯಾಹ್ನ ಮಲ್ಪೆಯ ಮರಳಿನ ಮೇಲೆ ಯಾರಾದರೂ ಓಡಾಡುತ್ತಿದ್ದರೆ ಅವರು ಘಟ್ಟದ ಮೇಲಿನವರು ಅಂತ ಕಣ್ಣು ಮುಚ್ಚಿ ಹೇಳಬಹುದು. ಊರಿನವರು ಆ ಹೊತ್ತಿಗೆ ಊಟ ಮುಗಿಸಿ, ಫ್ಯಾನನ್ನು ಐದಕ್ಕೆ ತಿರುಗಿಸಿ, ತಣ್ಣಗಿನ ನೆಲದ ಮೇಲೆ ಚಾಪೆ ಹಾಸಿ ಮಲಗಿರುತ್ತಾರೆ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ನಮಗೆ ಹಾಗಲ್ಲ, ಸೋಮವಾರ ಆಫೀಸಿರುತ್ತದೆ.

ನಮ್ಮ ವಾಟ್ಸಾಪ್ ಗುಂಪಿನ ಹೆಸರೇ ‘ಆರಾಮ್’. ಯಾವ ಪ್ಲಾನೂ ಬೇಡ, ಸುಮ್ನೆ ಹೋಗಿ ಸಮುದ್ರ ನೋಡಿಕೊಂಡು ಮೀನು ತಿಂದು ಬರೋಣ ಅನ್ನುವುದೇ ಪ್ಲಾನು. ಇಷ್ಟನ್ನು ಎಲ್ಲರೂ ಒಪ್ಪಲು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕೊನೆಗೆ ಖಜಾಂಚಿ ಒಂದು ಎಕ್ಸೆಲ್ ಶೀಟ್ ಕಳಿಸಿದ. ಅದರಲ್ಲಿ ‘6.30ರಿಂದ 7: ಸೂರ್ಯಾಸ್ತ. 7ರಿಂದ 7.20: ಸುಮ್ನೆ ಕೂರುವುದು’ ಎಂದಿತ್ತು.

ಗೆಳೆಯರ ಹೆಸರು ಬರೆದರೆ ಗೆಳೆತನ ಉಳಿಯುವುದಿಲ್ಲ. ಆದ್ದರಿಂದ ಹುದ್ದೆಗಳನ್ನಷ್ಟೇ ಹೇಳುತ್ತೇನೆ. ಲೆಕ್ಕ ಇಡುವವನು ಖಜಾಂಚಿ. ಕಾರು ಯಾರದ್ದೋ ಅವನು ಓನರ್. ಎಲ್ಲ ಕಾಯಿಲೆಗೂ ಮನೆಮದ್ದು ಹೇಳುವ, ಬಿ.ಕಾಂ. ಓದಿದವನು ಡಾಕ್ಟರ್. ಇನ್ನೊಬ್ಬ ಸಸ್ಯಾಹಾರಿ. ಮೀನು ತಿನ್ನುವ ಪ್ರವಾಸಕ್ಕೆ ಅವನು ಯಾಕೆ ಬಂದ ಅಂತ ಯಾರೂ ಕೇಳಲಿಲ್ಲ. ಉಡುಪಿಯ ಕಡೆ ಅಂದ ತಕ್ಷಣ ಅವನ ಕಣ್ಣಲ್ಲಿ ಗೋಳಿಬಜೆ ಕಾಣಿಸಿತ್ತು.

ಬೇಸಿಗೆಯಲ್ಲೇ ಯಾಕೆ ಅನ್ನುವುದಕ್ಕೆ ಖಜಾಂಚಿಯ ಬಳಿ ಗಟ್ಟಿ ಕಾರಣಗಳಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೂ ಇಲ್ಲ. ಹೋಗುವುದಾದರೆ ಈಗಲೇ ಹೋಗಬೇಕು. ಸೆಖೆಗೆ ಮಾತ್ರ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ.

ಬೆಳಿಗ್ಗೆ ಬೇಗ ದ್ವೀಪಕ್ಕೆ ಹೋಗುವುದು ಅಂತ ತೀರ್ಮಾನವಾಗಿತ್ತು. ಆದರೆ ದಾರಿಯಲ್ಲಿ ಬನ್ಸ್ ಕರಿಯುವ ಪರಿಮಳ ಬಂತು. ಬಾಳೆಹಣ್ಣು ಕಲಸಿ ಕರಿದ ಬನ್ಸ್ ಬಿಸಿ ಇದ್ದಾಗಲೇ ತಿನ್ನಬೇಕು. ತಿಂದೆವು. ಅಷ್ಟರಲ್ಲಿ ಗೋಳಿಬಜೆಯ ಹೊಸ ಒಬ್ಬೆ ಬಾಣಲೆಯಿಂದ ಎದ್ದಿತು. ಅದನ್ನು ಬಿಟ್ಟು ಹೋಗುವುದು ಸರಿಯಲ್ಲ ಅಲ್ವಾ? ಟವೆಲ್ ಮರೆತಿದ್ದು ನೆನಪಾಗಿ ಹೋಮ್‌ಸ್ಟೇಗೆ ವಾಪಸ್ ಬಂದಾಗ ಹನ್ನೊಂದು ಗಂಟೆ. ಮನೆಯ ಅಕ್ಕ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

“ಈಗ ಎಂತಕ್ಕೆ ಹೋಗುದು ಮಾರಾಯ್ರೆ? ಕಾಲು ಸುಡ್ತದೆ. ಊಟ ಮಾಡಿ ಒಂದು ನಿದ್ದೆ ಮಾಡಿ. ನಾಲ್ಕೂವರೆ ಮೇಲೆ ಬೀಚಿಗೆ ಹೋಗಿ.”

“ಇಲ್ಲಕ್ಕ, ಶೆಡ್ಯೂಲ್ ಇದೆ” ಎಂದ ಖಜಾಂಚಿ.

ಬೋಟು ಜನ ತುಂಬುವವರೆಗೆ ಹೊರಡಲಿಲ್ಲ. ದ್ವೀಪ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ. ಅಲ್ಲಿ ಕಲ್ಲುಗಳು ಕಂಬ ಕಂಬವಾಗಿ ನಿಂತಿವೆ. ಯಾರೋ ಕೂತು ಕೆತ್ತಿದ್ದಾರೆ ಅನ್ನಿಸಬೇಕು, ಒಂದಕ್ಕೆ ಐದು ಮುಖ, ಪಕ್ಕದ್ದಕ್ಕೆ ಆರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ ಅದು, ತಣ್ಣಗಾಗುತ್ತಾ ಹೀಗೆ ಸೀಳಿಕೊಂಡಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

“ಯಾಕಂತೆ ಬೇರೆ ಆಗಿದ್ದು?” ಎಂದ ಓನರ್.

“ಬಿಲ್ ಹಂಚುವಾಗ ಏನೋ ಆಗಿರಬೇಕು” ಎಂದು ಡಾಕ್ಟರ್ ಖಜಾಂಚಿಯ ಕಡೆ ನೋಡಿದ.

8.8 ಕೋಟಿ ವರ್ಷ ತಣ್ಣಗಾದ ಕಲ್ಲು ಅಂತ ನಂಬಿ ಸಸ್ಯಾಹಾರಿ ಚಪ್ಪಲಿ ಬಿಟ್ಟು ಕಂಬ ಹತ್ತಿದ. ಹತ್ತಿದ್ದಕ್ಕಿಂತ ಜೋರಾಗಿ ಇಳಿದ. ಚಪ್ಪಲಿಯಲ್ಲಿ ಒಂದು ಅಷ್ಟರಲ್ಲೇ ಅಲೆಯ ಜೊತೆ ಹೊರಟುಹೋಗಿತ್ತು. ಉಳಿದವರು ತೆಂಗಿನ ಮರದ ನೆರಳಿನಲ್ಲಿ ನಿಂತಿದ್ದೆವು. ಆ ನೆರಳಿನ ಅಗಲ ಒಂದು ಮೊಳ. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು, ನೆರಳು ಸರಿದಂತೆ ನಾವೂ ಸರಿಯುತ್ತಿದ್ದೆವು. ವಾಸ್ಕೋ ಡ ಗಾಮ ಈ ದ್ವೀಪದಲ್ಲಿ ಇಳಿದು ಮೇರಿಯ ಹೆಸರಿಟ್ಟ ಅಂತ ಒಂದು ಕಥೆ ಇದೆ. ಅವನು ಕಲ್ಲಿಕೋಟೆ ತಲುಪಿದ್ದು 1498ರ ಮೇ ತಿಂಗಳಲ್ಲಿ. ಅವನೂ ಘಟ್ಟದ ಮೇಲಿನವನೇ ಇರಬೇಕು.

ಮೂರು ಗಂಟೆಗೆ ಮೀನೂಟದ ಹೋಟೆಲಿಗೆ ಬಂದು ಬಿದ್ದೆವು. ಮೆನುವಿನಲ್ಲಿ ಎಲ್ಲದಕ್ಕೂ ರೇಟ್ ಇತ್ತು. ಫ್ರೈ ಮಾಡುವ ಮೀನುಗಳ ಎದುರು ಮಾತ್ರ ‘ಸೈಜ್ ಪ್ರಕಾರ’. ಖಜಾಂಚಿಯ ಮುಖ ಸಣ್ಣದಾಯಿತು. ಹುಡುಗ ಒಳಗಿನಿಂದ ದೊಡ್ಡ ಸ್ಟೀಲ್ ತಟ್ಟೆ ತಂದು ಮುಂದಿಟ್ಟ. ಕೆಂಪು ಮಸಾಲೆ ಬಳಿದುಕೊಂಡ ಅಂಜಲ್ ತುಂಡುಗಳು, ಕಾಣೆ, ಬಂಗುಡೆ, ಮೇಲೆ ಎರಡು ಎಸಳು ಕರಿಬೇವು. ಜವಳಿ ಅಂಗಡಿಯಲ್ಲಿ ಸೀರೆ ಆರಿಸುವವರ ಹಾಗೆ ಎಲ್ಲರೂ ಮುಂದೆ ಬಗ್ಗಿದರು. “ಇದಕ್ಕಿಂತ ಸ್ವಲ್ಪ ಚಿಕ್ಕದು?” “ಅದೇ, ಆದರೆ ಬಾಲ ಬೇಡ?” ಹುಡುಗ ಸೆಖೆಯಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದ. ಕೊನೆಗೆ ಖಜಾಂಚಿ ತಟ್ಟೆಯಲ್ಲೇ ಅತಿ ಸಣ್ಣ ಬಂಗುಡೆಗೆ ಬೆರಳು ತೋರಿಸಿದ. ಹುಡುಗ “ಅದು ಆಚೆ ಟೇಬಲಿನವರದ್ದು ಸರ್” ಎಂದ.

ಕುಚ್ಚಲಕ್ಕಿ ಅನ್ನ, ಕೆಂಪು ಸಾರು, ಹೊರಗೆ ಗರಿಗರಿಯಾಗಿ ಒಳಗೆ ಬೆಣ್ಣೆಯಂಥ ಮೀನು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆ ಹತ್ತು ನಿಮಿಷ ಮಾತ್ರ ಇಡೀ ಪ್ರವಾಸದಲ್ಲಿ ನಿಜವಾಗಿ ಆರಾಮ. ಆಮೇಲೆ ಓನರ್ ಕೆಮ್ಮಿದ. ಬೂತಾಯಿ ಮೀನಿನ ಮುಳ್ಳು.

ಡಾಕ್ಟರ್ ಈ ಗಳಿಗೆಗೇ ಕಾದಿದ್ದ. “ಅಗಿಯದೆ ಅನ್ನದ ಉಂಡೆ ನುಂಗು.” ನುಂಗಿದ. “ಇನ್ನೊಂದು, ದೊಡ್ಡದು.” ನುಂಗಿದ. “ಬಾಳೆಹಣ್ಣು.” ಅದೂ ಆಯಿತು. ಮುಳ್ಳು ಅಲ್ಲೇ ಇತ್ತು. ಬಾಳೆಹಣ್ಣು ಮುಗಿದ ಮೇಲೆ ಡಾಕ್ಟರ್ ಬಹಳ ಗಂಭೀರವಾಗಿ, “ಬನ್ಸ್‌ನಲ್ಲೂ ಬಾಳೆಹಣ್ಣೇ ಇರೋದು” ಎಂದ. ಬೆಳಿಗ್ಗೆ ಕಟ್ಟಿಸಿಕೊಂಡಿದ್ದ ಬನ್ಸ್ ಬ್ಯಾಗಿನಿಂದ ಬಂತು. ಎರಡನೆಯದಕ್ಕೆ ಮುಳ್ಳು ಇಳಿಯಿತು. ಓನರ್ ಮಾತ್ರ ಮೂರನೆಯದನ್ನೂ ತಿಂದ. ಮುನ್ನೆಚ್ಚರಿಕೆ ಅಂತೆ.

ಸಂಜೆ ಅಕ್ಕ ಹೇಳಿದ ಹೊತ್ತಿಗೇ ಬೀಚಿಗೆ ಹೋದೆವು. ಗಾಳಿ ಬಿಟ್ಟಿತ್ತು, ಮರಳು ತಣಿದಿತ್ತು, ಇಡೀ ಊರೇ ಅಲ್ಲಿತ್ತು. ಸಸ್ಯಾಹಾರಿ ನೀರಿಗೆ ಇಳಿಯುವುದಿಲ್ಲ. ಹಾಗಾಗಿ ಕಾರಿನ ಕೀ ಅವನ ಅಂಗಿಯ ಜೇಬಿಗೆ. ನಾವು ಅಲೆಯಲ್ಲಿ ಕುಣಿಯುವುದನ್ನು ಅವನು ದಡದಿಂದ ಫೋಟೋ ತೆಗೆಯುತ್ತಿದ್ದ. ಫ್ರೇಮಿನಲ್ಲಿ ಬೀಚಿನ ಜನವೂ ಬರಲಿ ಅಂತ ನೀರಿನೊಳಗೆ ನಾಲ್ಕು ಹೆಜ್ಜೆ ಬಂದು, ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತ. ಮುಂದಿನ ಫೋಟೋದಲ್ಲಿ ಬರೀ ಆಕಾಶ ಇದೆ.

ಮೊಬೈಲು ವಾಟರ್‌ಪ್ರೂಫ್. ಕೀ ಅಲ್ಲ. ಬಟನ್ ಒತ್ತಿದರೆ ಕಾರು ತಿರುಗಿಯೂ ನೋಡಲಿಲ್ಲ. ಹೋಮ್‌ಸ್ಟೇಗೆ ನಡೆದೇ ಬಂದೆವು. ಸಸ್ಯಾಹಾರಿಯ ಕಾಲಲ್ಲಿ ಡಾಕ್ಟರಿನ ಹಳೇ ಚಪ್ಪಲಿ, ಎರಡು ನಂಬರ್ ದೊಡ್ಡದು.

“ಅಕ್ಕಿಯಲ್ಲಿಡಿ, ನೀರು ಎಳ್ಕೊಳ್ಳುತ್ತೆ” ಎಂದ ಡಾಕ್ಟರ್. ಅಡುಗೆಮನೆಯ ಕುಚ್ಚಲಕ್ಕಿ ಡಬ್ಬಕ್ಕೇ ಕೈ ಹಾಕಿದ. ಅಕ್ಕ ತಡೆದರು. “ಅದು ಒಮ್ಮೆ ಬೆಂದು ಬಂದ ಅಕ್ಕಿ ಮಾರಾಯ್ರೆ, ಅದು ಇನ್ನೆಂತ ನೀರು ಎಳಿತದೆ? ಬೆಳ್ತಿಗೆ ಕೊಡ್ತೇನೆ ನಿಲ್ಲಿ.” ಒಂದು ಪಾತ್ರೆ ಬಿಳಿ ಅಕ್ಕಿ ಬಂತು. ಕೀಯನ್ನು ಅದರ ನಡುವೆ ಹೂತು, ಮೇಲೆ ತಟ್ಟೆ ಮುಚ್ಚಿ, ಎಲ್ಲರೂ ಮಲಗಿದೆವು.

ಒಬ್ಬರಿಗೆ ಈ ವಿಷಯ ಗೊತ್ತಿರಲಿಲ್ಲ. ಅಕ್ಕನ ಅತ್ತೆ. ಅವರು ಪಕ್ಕದೂರಿಗೆ ಆಟ ನೋಡಲು ಹೋಗಿದ್ದರು. ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಹತ್ತಿರವಾಗಿತ್ತು, ಮೇಳದವರು ಗೆಜ್ಜೆ ಬಿಚ್ಚುವ ಮೊದಲು ಒಂದಾದರೂ ಯಕ್ಷಗಾನ ನೋಡದೆ ಅವರಿಗೆ ನಿದ್ದೆ ಬಾರದು. ಮಧ್ಯರಾತ್ರಿ ವಾಪಸ್ ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ಬೆಳ್ತಿಗೆ ಅಕ್ಕಿ ಅಳೆದಿಟ್ಟಿದೆ. ಸೊಸೆ ನೀರ್ ದೋಸೆಗೆ ಅಕ್ಕಿ ನೆನೆ ಹಾಕಲು ಮರೆತಿದ್ದಾಳೆ ಅಂದುಕೊಂಡರು. ಲೈಟು ಹಾಕಿದರೆ ಮಲಗಿದ ಮಕ್ಕಳಿಗೆ ಎಚ್ಚರವಾದೀತು ಅಂತ ಕತ್ತಲಲ್ಲೇ ಪಾತ್ರೆಯ ತುಂಬ ನೀರು ಹಾಕಿಟ್ಟು ಮಲಗಿದರು.

ಬೆಳಿಗ್ಗೆ “ಎಂಚಿನ ಸಾವು ಮಾರಾಯ್ರೆ ಇದು!” ಎಂಬ ಕೂಗಿಗೆ ನಮಗೆ ಎಚ್ಚರವಾಯಿತು. ಅತ್ತೆ ಜಗಲಿಯಲ್ಲಿ ನಿಂತಿದ್ದರು. ಕೈಯಲ್ಲಿ ಕೀ, ಕೀಯಿಂದ ಅಕ್ಕಿನೀರು ತೊಟ್ಟಿಕ್ಕುತ್ತಿತ್ತು. ಗ್ರೈಂಡರಿಗೆ ಸುರಿಯುವಾಗ ಟಣ್ ಅಂದಿದ್ದಕ್ಕೆ ಬಚಾವ್.

ಓನರ್ ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಗಾಬರಿ ಬೇಡ ಎಂದ ಆತ. ರಿಮೋಟ್ ಸತ್ತರೂ ಕೀಯೊಳಗಿನ ಚಿಪ್‌ಗೆ ಬ್ಯಾಟರಿ ಬೇಕಾಗಿಲ್ಲವಂತೆ. ಕೀಯಿಂದಲೇ ಬಾಗಿಲು ತೆಗೆದು ಸ್ಟಾರ್ಟ್ ಮಾಡಿ ನೋಡಿ ಎಂದ. ಬೀಚಿಗೆ ಹೋಗಿ ಬಾಗಿಲು ತೆಗೆದ ತಕ್ಷಣ ಕಾರು ತನ್ನನ್ನು ಕಳ್ಳರು ಕದಿಯುತ್ತಿದ್ದಾರೆ ಅಂತ ಬೊಬ್ಬೆ ಹೊಡೆಯಿತು. ವಾಕಿಂಗ್ ಬಂದವರೆಲ್ಲ ಸುತ್ತ ನಿಂತರು. ನಿನ್ನೆಯ ಹೋಟೆಲಿನ ಹುಡುಗನೂ ಅಲ್ಲಿದ್ದ. ಕಾರು ಸ್ಟಾರ್ಟ್ ಆಗಿ ಸೈರನ್ ನಿಂತಾಗ ಚಪ್ಪಾಳೆ ತಟ್ಟಿದವನು ಅವನೇ.

ವಾಪಸ್ ಬರುವ ಹೊತ್ತಿಗೆ ನೀರ್ ದೋಸೆ ಸಿದ್ಧವಾಗಿತ್ತು. ಬಲೆಬಲೆಯಾಗಿ, ಬೆಳ್ಳಗೆ, ನಾಲ್ಕು ಮಡಿಕೆಯಾಗಿ. ನಮಗೆ ಕೋಳಿ ಸುಕ್ಕ, ಸಸ್ಯಾಹಾರಿಗೆ ಕಾಯಿಬೆಲ್ಲ. ಅಕ್ಕಿ ತೊಳೆದಿದ್ದಾರೋ ಇಲ್ಲವೋ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಖಜಾಂಚಿ ಐದನೇ ದೋಸೆಗೆ ಕೈ ಹಾಕುತ್ತಾ, “ಅಮ್ಮಾ, ಉಪ್ಪು ಎಷ್ಟು ಹದವಾಗಿದೆ!” ಎಂದ.

ಒಳಗಿನಿಂದ ಅತ್ತೆಯ ದನಿ ಬಂತು. “ಅಯ್ಯೋ, ಈ ಗಲಾಟೆಯಲ್ಲಿ ಉಪ್ಪು ಹಾಕ್ಲಿಕ್ಕೇ ಮರ್ತೆ ಮಗಾ.”

ಖಜಾಂಚಿ ಒಂದು ಕ್ಷಣ ಕೀಯ ಕಡೆ ನೋಡಿದ. ಆಮೇಲೆ ಇನ್ನೆರಡು ಹಾಕಿಸಿಕೊಂಡ.