ತೋಪಿನ ಬದಿಯ ಕಪ್ಪು ಕಲೆ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಈಗ ತೊಗರಿ ಧಾರಣೆಗಿಂತ ಜಾಸ್ತಿ ಚರ್ಚೆಯಾಗುತ್ತಿರುವುದು ಒಂದು ಕಪ್ಪು ಕಲೆ. ಯಾರದೋ ಮನೆಯ ಗೋಡೆಯಲ್ಲಿದ್ದ, ಕಟ್ಟು ಹಾಕಿಸಿದ ಹಳೆಯ ಫೋಟೋ. ಅದನ್ನು ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ಹೊಡೆದು ಯಾರೋ ಹರಿಯಬಿಟ್ಟಿದ್ದಾರೆ. ಕೋಟೆಯ ಬಾರಾ ಗಜಿ ತೋಪು ಎಂಬ ಹಳೆಯ ಫಿರಂಗಿಯ ಮುಂದೆ ರುಮಾಲು ಸುತ್ತಿದ ಕೆಲವು ಹಿರಿಯರು ನಿಂತಿದ್ದಾರೆ. ಯಾರು, ಯಾವ ವರ್ಷ, ಯಾಕೆ ನಿಂತರು ಎಂಬುದು ಗೊತ್ತಿಲ್ಲ. 29 ಅಡಿ ಉದ್ದದ ತೋಪು ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಪ್ಪಗೆ ಕಂಡದ್ದು ಮಾತ್ರ ಎಲ್ಲರಿಗೂ ಕಂಡಿತು.

ಮುಂಜಾನೆ ಅದು ಬರೀ ಕಲೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕುಕ್ಕರಗಾಲಿನಲ್ಲಿ ಕೂತ ಮನುಷ್ಯನಾಯಿತು. ಸಂಜೆ ಒಬ್ಬ ವಕೀಲ ಸಾಹೇಬರು ಅದರ ಸುತ್ತ ಕೆಂಪು ಗೆರೆ ಎಳೆದು, "ಇದು ಬಾಗಲಾ ಅದ ನೋಡ್ರಿ" ಎಂದು ಬರೆದರು. ರಾತ್ರಿ ಊಟ ಮುಗಿಸಿ ಬಂದ ನಿವೃತ್ತ ಓವರ್‌ಸಿಯರ್ ಒಬ್ಬರು, "ಬಾಗಲಾ ಅಲ್ರಿ, ಸುರಂಗದ ಬಾಯಿ. ಇದು ಸೀದಾ ಬೀದರಕ್ಕ ಹೋಗ್ತದ" ಎಂದು ತೀರ್ಪು ಕೊಟ್ಟರು. ಎಲ್ಲರೂ ನೆಮ್ಮದಿಯಿಂದ ಮಲಗಿದರು.

ಕಲಬುರಗಿ ಕೋಟೆಯಿಂದ ಬೀದರ ಕೋಟೆಗೆ ಸುರಂಗವಿದೆ ಅನ್ನುವುದು ನಮ್ಮ ಭಾಗದಲ್ಲಿ ತೊಟ್ಟಿಲಲ್ಲೇ ಕೊಡುವ ವಿದ್ಯೆ. 1347ರಲ್ಲಿ ಇಲ್ಲಿ ರಾಜ್ಯ ಕಟ್ಟಿದ ಬಹಮನಿಗಳು 1420ರ ದಶಕದಲ್ಲಿ ರಾಜಧಾನಿಯನ್ನು ಬೀದರಿಗೆ ಎತ್ತಿಕೊಂಡು ಹೋದರು. ಮೇಲಿನ ದಾರಿಯಲ್ಲಿ ಬಿಸಿಲು ಜಾಸ್ತಿ, ಕೆಳಗಿಂದಲೇ ಹೋಗಿರಬೇಕು ಅನ್ನುವುದು ನಮ್ಮವರ ತರ್ಕ. ನೂರು ಕಿಲೋಮೀಟರು ಮೀರಿದ ಈ ಹಾದಿಗೆ ನೆಲದ ಮೇಲೆ ರೈಲು ಹಳಿ ಹಾಕಲು ಮಂಜೂರಾತಿಯಿಂದ ಹಿಡಿದು ಸುಮಾರು ಎರಡು ದಶಕ ಬೇಕಾಯಿತು. 2017ರ ಅಕ್ಟೋಬರಿನಲ್ಲಿ ಅಂತೂ ಗಾಡಿ ಓಡಿತು. ಆ ಮಾರ್ಗದಲ್ಲಿ ಮರಗುತ್ತಿ ಹತ್ತಿರ ಒಂದು ಸುರಂಗವಿದೆ. ಎರಡು ಕಿಲೋಮೀಟರೂ ಇಲ್ಲ, ಆದರೂ ಕೊರೆಯುವಷ್ಟರಲ್ಲಿ ಎಲ್ಲರ ಉಸಿರು ಹೋಯಿತು. ಬಹಮನಿ ಸುಲ್ತಾನರಿಗೆ ಟೆಂಡರ್ ಕರೆಯುವ ಕಾಟ ಇರಲಿಲ್ಲವಲ್ಲ, ಬೇಗ ಮುಗಿಸಿರಬಹುದು.

ಮರುದಿನ ಸಂಶೋಧನೆ ವೈಜ್ಞಾನಿಕ ಹಂತ ತಲುಪಿತು. ಫೋಟೋವನ್ನು ದೊಡ್ಡದು ಮಾಡುತ್ತ ಮಾಡುತ್ತ ಹೋದಾಗ ಕಲೆಯ ಸುತ್ತ ಚೌಕ ಚೌಕ ಕಲ್ಲುಗಳು ಕಂಡವು. ಒಂದೇ ಅಳತೆಯ, ಸಾಲಾಗಿ ಕೂಡಿಸಿದ, ಕೆತ್ತಿದ ಕಲ್ಲು! ಫೋಟೋವನ್ನು ಹಿಂಡಿ ಸಣ್ಣದು ಮಾಡುವಾಗ ಯಂತ್ರ ಅದನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಹತ್ತು ಗುಂಪು ದಾಟಿ ಬಂದ ಫೋಟೋದಲ್ಲಿ ಆ ಚೌಕಗಳು ಎದ್ದು ನಿಲ್ಲುತ್ತವೆ. ಹಾಗಂತ ಒಬ್ಬ ಕಾಲೇಜು ಹುಡುಗ ಬರೆದ. "ತಮ್ಮಾ, ಕಲ್ಲು ಕೆತ್ತೋ ಒಡ್ಡರ ಮುಂದ ಲೆಕ್ಕ ಹೇಳಬ್ಯಾಡ" ಎಂದು ಅವನನ್ನು ಗದರಿಸಲಾಯಿತು. ಗದರಿಸಿದವರು ಎಲ್ಲೈಸಿ ಏಜೆಂಟರು.

ಆಮೇಲೆ ಎಐ ಬಂತು. ಮಸುಕಾದ ಮುಖವನ್ನು ನಿಚ್ಚಳ ಮಾಡುತ್ತದೆಂಬ ಆ್ಯಪಿನೊಳಗೆ ಫೋಟೋ ತುರುಕಿದ್ದೇ ತಡ, ಕಲೆಯ ಪಕ್ಕದಲ್ಲಿ ಒಬ್ಬ ಕಾವಲುಗಾರ ಹುಟ್ಟಿದ. ತಿಳಿ ನೀಲಿ ಕಣ್ಣು, ಎಲೆ ಅಡಿಕೆ ಮುಟ್ಟದ ಬಿಳಿ ಹಲ್ಲು, ಪಾರ್ಲರಿನಿಂದ ಈಗಷ್ಟೇ ಎದ್ದುಬಂದ ಹುಬ್ಬು. ಈ ಯಂತ್ರಗಳು ಫೋಟೋದಲ್ಲಿ ಅಡಗಿದ್ದನ್ನು ಹೊರಗೆ ತೆಗೆಯುವುದಿಲ್ಲ. ತಾವು ಮೊದಲು ನೋಡಿದ ಲಕ್ಷಾಂತರ ಮುಖಗಳಿಂದ ಒಂದನ್ನು ಊಹಿಸಿ ಮೇಲೆ ಹಚ್ಚುತ್ತವೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ತಯಾರಾದ 'ಪಲ್ಸ್' ಎಂಬ ಇಂಥದೇ ವಿಧಾನಕ್ಕೆ ಬರಾಕ್ ಒಬಾಮಾರ ಮಸುಕು ಫೋಟೋ ಕೊಟ್ಟರೆ ಬಿಳಿಯನೊಬ್ಬ ಹೊರಬಂದಿದ್ದ. ಎಂಟು ವರ್ಷ ಆ ದೇಶ ಆಳಿದವರಿಗೇ ಹೀಗಾದರೆ ನಮ್ಮ ಮುತ್ಯಾಗಳ ಗತಿ ಏನು? ಕೊನೆಗೆ ಆ ಕಾವಲುಗಾರ ಇರಾನಿನಿಂದ ಬಂದವನು ಎಂದು ನಿರ್ಧಾರವಾಯಿತು. ಬಹಮನಿಗಳ ಕಾಲದಲ್ಲಿ ಇರಾನಿನವರು ಇಲ್ಲಿ ಇದ್ದದ್ದು ಖರೆ. ಕ್ಯಾಮೆರಾ ಇರಲಿಲ್ಲ ಅನ್ನುವುದೊಂದು ಸಣ್ಣ ಅಡಚಣೆ.

ನಮ್ಮವರನ್ನಷ್ಟೇ ಆಡಿಕೊಂಡರೆ ಅನ್ಯಾಯವಾದೀತು. ಈ ವಿದ್ಯೆಯ ಗುರುಪೀಠ ಅಮೆರಿಕದ ಡಲ್ಲಾಸಿನಲ್ಲಿದೆ. 1963ರ ನವೆಂಬರ್ 22ರಂದು ಅಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ತಗುಲಿದ ಕ್ಷಣದಲ್ಲಿ ಮೇರಿ ಮೂರ್ಮನ್ ಎಂಬ ಹೆಣ್ಣುಮಗಳು ಪೋಲರಾಯ್ಡ್ ಕ್ಯಾಮೆರಾದಿಂದ ಒಂದು ಫೋಟೋ ಹೊಡೆದಳು. ಇಪ್ಪತ್ತು ವರ್ಷದ ಮೇಲೆ ಅದರ ಹಿನ್ನೆಲೆಯ ಗಿಡಗಳ ನೆರಳನ್ನು ಹಿಗ್ಗಿಸಿದವರಿಗೆ ಪೊಲೀಸ್ ಸಮವಸ್ತ್ರ ಕಂಡಿತು, ಎದೆಯ ಮೇಲೆ ಬಿಲ್ಲೆ ಕಂಡಿತು, ಬಂದೂಕಿನ ಬಾಯಿಯ ಬೆಂಕಿಯೂ ಕಂಡಿತು. ಅದೇ ದಿನದ ಬೇರೆ ಚಿತ್ರಗಳಲ್ಲಿ ಛತ್ರಿ ಹಿಡಿದವನೊಬ್ಬನಿದ್ದ. ಬಿಸಿಲಿನಲ್ಲಿ ಕರಿ ಛತ್ರಿ ಯಾಕೆ? ಅದರ ಕಡ್ಡಿಯಿಂದ ವಿಷದ ಮುಳ್ಳು ಹಾರಿಸಿದನೆಂದು ಒಂದು ಸಿದ್ಧಾಂತವೇ ಎದ್ದಿತು. 1978ರಲ್ಲಿ ಆ ಮನುಷ್ಯ ಸಂಸತ್ತಿನ ಸಮಿತಿಯ ಮುಂದೆ ಬಂದು ಹೇಳಿದ: ಕೆನಡಿಯ ಅಪ್ಪ ಹಿಂದೆ ಹಿಟ್ಲರನಿಗೆ ಬಾಗಿದ ಬ್ರಿಟನ್ ಪ್ರಧಾನಿ ಚೇಂಬರ್ಲಿನ್ನನ ನೀತಿಯ ಪರ ಇದ್ದ, ಕೈಯಲ್ಲಿ ಸದಾ ಛತ್ರಿ ಇರುತ್ತಿದ್ದ ಚೇಂಬರ್ಲಿನ್ ಅಂದರೆ ಛತ್ರಿ, ಆದ್ದರಿಂದ ಮಗನನ್ನು ಅಣಕಿಸಲು ಛತ್ರಿ ತಂದೆ. ಇಷ್ಟು ಸುತ್ತುಬಳಸಿನ ಕಾರಣವನ್ನು ಯಾವ ಭೂತಗನ್ನಡಿ ತೋರಿಸೀತು? ಕಲಬುರಗಿಯಲ್ಲಾಗಿದ್ದರೆ ಈ ಗದ್ದಲವೇ ಇರುತ್ತಿರಲಿಲ್ಲ. ನಮ್ಮ ಮೇ ತಿಂಗಳಲ್ಲಿ ಛತ್ರಿ ಹಿಡಿಯದೆ ನಡೆಯುವವನ ಮೇಲೆ ಅನುಮಾನ ಪಡಬೇಕು.

2017ರಲ್ಲಿ ಇನ್ನೊಂದಾಯಿತು. 1937ರಲ್ಲಿ ವಿಮಾನದ ಸಮೇತ ಕಾಣೆಯಾದ ಅಮೆರಿಕದ ವಿಮಾನ ಚಾಲಕಿ ಅಮೀಲಿಯಾ ಇಯರ್‌ಹಾರ್ಟ್ ಮಾರ್ಷಲ್ ದ್ವೀಪಗಳ ಧಕ್ಕೆಯ ಮೇಲೆ ಬೆನ್ನು ತಿರುಗಿಸಿ ಕೂತ ಫೋಟೋ ಸಿಕ್ಕಿತೆಂದು ಒಂದು ಅಮೆರಿಕನ್ ಟಿವಿ ಡಂಗುರ ಸಾರಿತು. ಪರಿಣತರು ಬೆನ್ನು ಅಳೆದರು, ಪಕ್ಕದವನ ಕೂದಲಿನ ಅಂಚು ಅಳೆದರು. ಜಪಾನಿನ ಒಬ್ಬ ಆಸಾಮಿ ಏನನ್ನೂ ಅಳೆಯಲಿಲ್ಲ. ತನ್ನ ದೇಶದ ಸಂಸದೀಯ ಗ್ರಂಥಾಲಯದ ಸಂಗ್ರಹದಲ್ಲಿ ಹುಡುಕಿದ, ಅದೇ ಫೋಟೋ 1935ರಲ್ಲೇ ಅಚ್ಚಾದ ಪುಸ್ತಕದಲ್ಲಿತ್ತು. ಆಕೆ ಕಾಣೆಯಾಗುವ ಎರಡು ವರ್ಷ ಮೊದಲೇ!

ಆದರೆ ಪುಸ್ತಕ ತೆಗೆಯುವುದು, ಫೋಟೋದ ಬೆನ್ನು ತಿರುಗಿಸಿ ನೋಡುವುದು ನಮ್ಮ ಸಂಶೋಧಕರಿಗೆ ಸೇರದು. ಹಿಂದೆ ಒಂದು ಸಾಲು ಬರೆದಿಟ್ಟಿದ್ದರೆ ಈ ರಗಳೆಯೇ ಬೇಡವಿತ್ತು. ಚಿತ್ರಕ್ಕೆ ಹೆಸರು ಬರೆಯುವ ಬುದ್ಧಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಶಿಲ್ಪಿಯೊಬ್ಬ ರಾಜನನ್ನು ಕೆತ್ತಿ 'ರಾಯಾ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಬರೆದೇ ಉಳಿ ಕೆಳಗಿಟ್ಟ. ಭೀಮಾ ದಂಡೆಯ ಆ ಹೆಸರಿಲ್ಲದ ಮನುಷ್ಯನಿಂದ ನಮ್ಮ ಸ್ಟುಡಿಯೋಗಳವರೆಗೆ ಎಲ್ಲೋ ಆ ಅಭ್ಯಾಸ ಕಳಚಿಬಿತ್ತು.

ಖರೆ ಸುರಂಗ ಬೇಕೆಂದರೆ ಬೀದರಿನ ನೌಬಾದಿಗೆ ಹೋಗಬೇಕು. ಅಲ್ಲಿ ಬಹಮನಿ ಕಾಲದ ಕರೇಜ್ ಇದೆ, ಊರವರು ಸುರಂಗ ಬಾವಿ ಅನ್ನುತ್ತಾರೆ. ಮೇಲಿನ ಮುರಕಲ್ಲಿನಲ್ಲಿ ಇಳಿದ ಮಳೆನೀರು ಕೆಳಗಿನ ಕರಿಕಲ್ಲಿಗೆ ತಾಗಿ ನಿಲ್ಲುತ್ತದೆ. ಆ ನೀರನ್ನು ಇಳಿಜಾರಿನಲ್ಲಿ ಊರಿನ ಕಡೆ ಹರಿಸಲು ನೆಲದೊಳಗೆ ಕಾಲುವೆ ಕೊರೆದರು. ಉದ್ದಕ್ಕೂ ಮೇಲಿಂದ ಬಾವಿಯಂಥ ಗಾಳಿಕಿಂಡಿ ಇಟ್ಟರು. ವಿದ್ಯೆ ಇರಾನಿನದು, ಗುದ್ದಲಿ ಇಲ್ಲಿಯದು. ಇಂಥ ಸುರಂಗವನ್ನು ನಾವು ಏನು ಮಾಡಿದೆವು? ಹೂಳು ತುಂಬಲು ಬಿಟ್ಟೆವು, ಕಿಂಡಿಗಳಿಗೆ ಕಸ ಸುರಿದೆವು. ಅದನ್ನು ನೋಡಲು ಆ್ಯಪ್ ಬೇಡ, ಹಾಗಾಗಿ ಅದು ಗುಂಪಿಗೆ ಬರುವುದಿಲ್ಲ. ಅದರೊಳಗೆ ನಿಧಿ ಇಲ್ಲ, ಬರೀ ನೀರು.

ಇನ್ನೊಂದು ಸೋಜಿಗ ಹೇಳಲೇಬೇಕು. ಹಳೆಯ ಫೋಟೋದಲ್ಲಿ ಕಾವಲುಗಾರನ ಸೊಂಟದ ಚೂರಿಯ ಹಿಡಿಕೆಯನ್ನೂ ಎಣಿಸುವ ಈ ಊರಿನಲ್ಲಿ, ನಿನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ಬೈಕ್ ಕದ್ದವನನ್ನು ಸಿಸಿ ಕ್ಯಾಮೆರಾದಲ್ಲಿ ನೋಡಿದರೆ, ಅವನು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. "ಕ್ಲಿಯರ್ ಇಲ್ರಿ" ಎಂದು ಬೈಕಿನ ಮಾಲೀಕನನ್ನು ಸಾಗಹಾಕುತ್ತಾರೆ. ಅವನು ಕದ್ದವನ ಹೆಸರು ಬಿಟ್ಟು ಸುರಂಗದ ದಾರಿ ಕೇಳಿದ್ದರೆ ಸಿಗುತ್ತಿತ್ತೇನೋ.

ಅಷ್ಟರಲ್ಲಿ ಅಗೆಯುವ ಮಾತು ಎದ್ದಿತು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸ್ಮಾರಕಕ್ಕೆ ಕೈ ಹಚ್ಚಿದರೆ ಎರಡು ವರ್ಷದ ತನಕ ಸೆರೆ ಅಥವಾ ಒಂದು ಲಕ್ಷದ ತನಕ ದಂಡ, ಎರಡೂ ಬೀಳಬಹುದು. ಇದನ್ನು ಸಾರುವ ನೀಲಿ ಫಲಕವನ್ನು ಮಾತ್ರ ಇದುವರೆಗೆ ಯಾರೂ ಹಿಗ್ಗಿಸಿ ನೋಡಿಲ್ಲ. ವಕೀಲ ಸಾಹೇಬರೇ ಒಂದು ಉಪಾಯ ಹೇಳಿದರು: ಮೊದಲು ಮೂಲ ಫೋಟೋ ತರಿಸೋಣ, ಆಮೇಲೆ ಮನವಿ ಕೊಡೋಣ.

ಮೂಲ ಫೋಟೋ ಸ್ಟೇಷನ್ ರೋಡಿನ ಹಳೆಯ ಸ್ಟುಡಿಯೋಕ್ಕೆ ಬಂತು. ಸ್ಟುಡಿಯೋ ಕಾಕಾ ಕಟ್ಟು ಬಿಚ್ಚಿದರು, ಬೆಳಕಿಗೆ ಹಿಡಿದರು, ಬಟ್ಟೆಯ ತುದಿಯಿಂದ ಮೆಲ್ಲಗೆ ಒರೆಸಿದರು. ಅರ್ಧ ಕಲೆ ಬಟ್ಟೆಗೆ ಬಂತು. "ಬೂಷ್ಟು ಹಿಡದದ ತಮ್ಮಾ. ಗ್ವಾಡಿ ಥಂಡಿ ಆಗಿ ಗಾಜಿನೊಳಗ ಬೆಳದದ" ಎಂದರು. ಆ ಕಾಲೇಜು ಹುಡುಗ ಅದನ್ನೂ ವಿಡಿಯೋ ಮಾಡಿ ಗುಂಪಿಗೆ ಹಾಕಿದ.

ಮಂಗಳ ಗ್ರಹದ ಮೇಲೆ 1976ರಲ್ಲಿ ವೈಕಿಂಗ್ ನೌಕೆ ಕಂಡ 'ಮುಖ' 1998ರ ಚಿತ್ರದಲ್ಲಿ ಬರೀ ಗುಡ್ಡವಾಗಿ ಕಂಡಾಗ, ಮಧ್ಯೆ ಮಂಜು ಇತ್ತು, ಸರಿಯಾಗಿ ಕಂಡಿಲ್ಲ ಎಂದು ತಕರಾರು ಎತ್ತಿದವರಿದ್ದರು. ನಮ್ಮ ಗುಂಪು ಅಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಹತ್ತು ನಿಮಿಷದೊಳಗೆ ಓವರ್‌ಸಿಯರ್ ಸಾಹೇಬರ ಉತ್ತರ ಬಂತು:

"ಬೂಷ್ಟು ಖರೇ ಇರಬಹುದ್ರಿ. ಆದ್ರ ಇಡೀ ಫೋಟೋ ಬಿಟ್ಟು ಅಲ್ಲೇ ಯಾಕ ಬಂತು? ಕೆಳಗ ನೀರಿನ ಸೆಲಿ ಇರಬೇಕು. ಸೆಲಿ ಅದ ಅಂದ್ರ ಸುರಂಗ ಇದ್ದೇ ಅದ."